ಎರಿ ಹೊಲ, ಮಸಾರಿ ಹೊಲ

ಹೋದ ತಿಂಗಳು ಅಣ್ಣನ ಮಗ ಊರಿನಿಂದ ಒಂದು ಫೋಟೋ ಕಳಿಸಿದ. ಮಣ್ಣು ಆರೋಗ್ಯ ಚೀಟಿ. 2015ರಿಂದ ಈಚೆಗೆ ದೇಶದ ತುಂಬ ರೈತರ ಕೈಗೆ ಬಂದ, 12 ಅಂಶಗಳ ಪಟ್ಟಿಯಿರುವ ಅದೇ ಚೀಟಿ. ರಸಸಾರ 8.9. ಸಾವಯವ ಇಂಗಾಲ 0.36, ಪಕ್ಕದಲ್ಲಿ ‘ಕಡಿಮೆ’. ಸತು ಕಡಿಮೆ, ಕಬ್ಬಿಣವೂ ಕಡಿಮೆ. ಫೋಟೋದ ಹಿಂದೆಯೇ ಅವನ ದನಿ ಬಂತು: ‘ಕಾಕಾ, ಇದು ಹಳ್ಳದ ದಂಡಿ ಎರಿ ಹೊಲದ್ದು. ಎಲ್ಲಾ ಕಡಿಮಿ ಅಂತ ಬರದಾರ. ನೀವು ಇದ ಕೆಲಸ ಮಾಡಿದವ್ರು. ಏನ್ ಮಾಡೂಣ ಹೇಳ್ರಿ.’

ಹಳ್ಳದ ದಂಡೆಯ ಎರಿ ಹೊಲದ ಹೆಸರಿನ ಮುಂದೆ ‘ಕಡಿಮೆ’ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎಂದೂ ಆಡಿದವರಲ್ಲ. ಅಕ್ಕಂದಿರ ಮದುವೆ ಆದದ್ದು, ನಾನು ಧಾರವಾಡಕ್ಕೆ ಹೋಗಿ ಓದಿದ್ದು, ಎಲ್ಲವೂ ಆ ಹೊಲದ ಜೋಳ, ಕಡಲೆಯ ಮೇಲೆಯೇ.

ನವಲಗುಂದ, ರೋಣದ ನಡುವಿನ ಆ ಸೀಮೆಯಲ್ಲಿ ನೆಲಕ್ಕೆ ಎರಡೇ ಜಾತಿ ಎಂದು ತಿಳಿದು ಬೆಳೆದವರು ನಾವು. ಹಳ್ಳದ ಕಡೆಗೆ ಇಳಿದಂತೆ ಎರಿ, ದಿಬ್ಬದ ಕಡೆಗೆ ಏರಿದಂತೆ ಮಸಾರಿ. ಎರಿ ಕಪ್ಪು, ಆಳ, ಜಿಗುಟು. ಮಸಾರಿ ಕೆಂಪು, ತೆಳುವು, ಕೈಯಲ್ಲಿ ಹಿಡಿದರೆ ಹರಳು ಒತ್ತುತ್ತದೆ. ಹೆಣ್ಣು ಕೊಡಲು ಬಂದವರು ಎಷ್ಟು ಎಕರೆ ಎಂದು ಕೇಳಿದ ಮೇಲೆ, ಅದರಲ್ಲಿ ಎರಿ ಎಷ್ಟು ಎಂದು ಕೇಳದೆ ಚಹಾ ಕುಡಿಯುತ್ತಿರಲಿಲ್ಲ. ಅಜ್ಜನಿಗೆ ಎರಡೂ ಇದ್ದವು. ಎರಿಯ ಮಾತು ಬಂದರೆ ಅವನ ದನಿ ಏರುತ್ತಿತ್ತು. ಮಸಾರಿಯನ್ನು ಅವನು ‘ಆ ದಿಬ್ಬ’ ಎಂದಷ್ಟೇ ಕರೆಯುತ್ತಿದ್ದ.

ಬೇಸಿಗೆಯಲ್ಲಿ ಎರಿ ಬಿರಿಯುತ್ತಿತ್ತು. ಬಿರುಕಿನೊಳಗೆ ನನ್ನ ತೋಳು ಭುಜದವರೆಗೂ ಇಳಿಯುತ್ತಿತ್ತು. ಒಳಗೆ ಕೈ ಆಡಿಸಿದರೆ ತಂಪು ಗಾಳಿ, ಹೋದ ಸುಗ್ಗಿಯ ಜೋಳದ ಕಾಳು, ಒಣಗಿದ ರವದಿ. ಮಳೆಗಾಲದ ಮೊದಲ ದೊಡ್ಡ ಮಳೆಯ ನೀರು ಹೊಲದಿಂದ ಹೊರಗೆ ಹರಿಯುತ್ತಲೇ ಇರಲಿಲ್ಲ. ಬಿರುಕು ಹಿಡಿದು ನೇರವಾಗಿ ಆಳಕ್ಕೆ ಹೋಗುತ್ತಿತ್ತು. ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಮೇಲಿನ ಮಣ್ಣು ಕೆಳಗೆ ಬಿದ್ದು, ಕೆಳಗಿನದು ಉಬ್ಬಿ ಮೇಲೆ ಬಂದು, ಆ ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಮಳೆ ಹಿಡಿದರೆ ಎಂಟು ದಿನ ಹೊಲದೊಳಗೆ ಕಾಲಿಡುವಂತಿಲ್ಲ. ಇಟ್ಟರೆ ಹೆಜ್ಜೆಗೊಂದು ಸೇರು ಮಣ್ಣು ಅಂಗಾಲಿಗೆ ಅಂಟಿ ಕಾಲೇ ಏಳುತ್ತಿರಲಿಲ್ಲ.

ಉತ್ತರಿ, ಹಸ್ತ ಮಳೆಗಳು ಸುರಿದು ಹದ ಬಂದಾಗ ಕೂರಿಗೆ ಹೊರಡುತ್ತಿತ್ತು. ಬಿಳಿಜೋಳ, ಕಡಲೆ, ಅಕ್ಕಡಿಗೆ ಕುಸುಬೆ. ಅಲ್ಲಿಂದ ಸುಗ್ಗಿಯವರೆಗೆ ಒಂದು ಹನಿ ಮಳೆ ಬಾರದಿದ್ದರೂ ಪೈರು ಏಳುತ್ತಿತ್ತು. ಎಂ 35-1 ಎಂದು ಬೀಜದ ಚೀಲದ ಮೇಲೆ ಬರೆದಿರುವ, ಊರವರು ಮಾಲದಂಡಿ ಎನ್ನುವ ಜೋಳ, ನೆಲದಲ್ಲಿ ಕೂಡಿಟ್ಟ ತೇವವನ್ನೇ ಕುಡಿದು ತೆನೆ ಹಿಡಿಯುತ್ತದೆ. ನೆಲ ಮತ್ತೆ ಬಿರಿದು ಬೇರು ಹರಿಯಬಾರದೆಂದು ಅಜ್ಜ ಮೇಲಿಂದ ಮೇಲೆ ಎಡೆ ಹೊಡೆಸುತ್ತಿದ್ದ. ಒಂದು ಸಲ ಎಡೆ ಹೊಡೆದರೆ ಅರ್ಧ ಮಳೆ ಬಂದ ಹಾಗೆ ಎಂಬುದು ಅವನ ಲೆಕ್ಕ. ಎಡೆಕುಂಟೆ ಮೇಲಿನ ಎರಡು ಬೆರಳು ಮಣ್ಣನ್ನು ಪುಡಿಮಾಡಿ ಬಿರುಕು ಮುಚ್ಚುತ್ತದೆ, ಕೆಳಗಿನ ತೇವ ಆರುವುದಿಲ್ಲ. ಕಾಲೇಜಿನ ಪುಸ್ತಕದಲ್ಲಿ ಇದನ್ನು ಓದಿದಾಗ ನನಗೆ ಹೊಸದೇನೂ ಅನಿಸಲಿಲ್ಲ.

ಹೀಗೆ ಬರೆಯುತ್ತಾ ಹೋದರೆ ಎಲ್ಲವೂ ಚೆಂದ ಕಾಣುತ್ತದೆ. ಆದರೆ ಆ ಹೊಲದ ಸಾರ ಎಲ್ಲಿಂದ ಬರುತ್ತಿತ್ತು ಎಂದು ಈ ವಯಸ್ಸಿನಲ್ಲಿ ಕೂತು ಲೆಕ್ಕ ಹಾಕಿದರೆ ಬೇರೆಯದೇ ಚಿತ್ರ ಕಾಣುತ್ತದೆ.

ಸುಗ್ಗಿ ಮುಗಿದ ಮೇಲೆ ಕುರುಬರ ಹಿಂಡು ಬರುತ್ತಿತ್ತು. ಹಗಲೆಲ್ಲ ಆ ಕುರಿಗಳು ಮೇಯುತ್ತಿದ್ದದ್ದು ದಿಬ್ಬದ ಮಸಾರಿಯಲ್ಲಿ, ಗಾಯರಾಣದಲ್ಲಿ, ಬಡವರ ಬೀಳು ಹೊಲಗಳಲ್ಲಿ. ರಾತ್ರಿ ನಿಲ್ಲುತ್ತಿದ್ದದ್ದು ನಮ್ಮ ಎರಿಯಲ್ಲಿ. ಕಾಳು ಅಳೆದು ಕೊಟ್ಟು ಕುರಿ ನಿಲ್ಲಿಸಿಕೊಳ್ಳುವ ಶಕ್ತಿ ಇದ್ದದ್ದು ಎರಿ ಇದ್ದವರಿಗೇ. ಹಗಲು ಮಸಾರಿಯಲ್ಲಿ ಮೇದದ್ದು ರಾತ್ರಿ ಹಿಕ್ಕೆ, ಗಂಜಲವಾಗಿ ಎರಿಗೆ ಬೀಳುತ್ತಿತ್ತು. ತಿಪ್ಪೆಯ ಗೊಬ್ಬರದ ಬಂಡಿಗಳೂ ಎರಿಯ ಕಡೆಗೇ ತಿರುಗುತ್ತಿದ್ದವು. ಮಸಾರಿಗೆ ಗೊಬ್ಬರ ಹೋದದ್ದನ್ನು ನಾನು ಕಂಡಿಲ್ಲ. ಹುಟ್ಟಿನಿಂದಲೇ ಬಡ ಮಣ್ಣು ಎಂದು ನಾವು ಅಂದುಕೊಂಡದ್ದರಲ್ಲಿ ಅರ್ಧ ಬಡತನ ಹೀಗೆ ವರ್ಷವರ್ಷವೂ ಅದರ ಸಾರವನ್ನು ಎರಿಗೆ ಹೊತ್ತು ತಂದದ್ದರಿಂದ ಬಂದದ್ದೇ.

ಇನ್ನು ಕರಿಕೆ ಹುಲ್ಲು. ಎರಿ ಹೊಲಕ್ಕೆ ಕರಿಕೆ ಹೊಕ್ಕರೆ ಕುಂಟೆಗೆ, ರಂಟೆಗೆ ಬಗ್ಗುವುದಿಲ್ಲ. ಅದರ ಬೇರು ಎರಡು, ಮೂರು ಅಡಿ ಆಳಕ್ಕೆ ಇಳಿದಿರುತ್ತದೆ. ಹಸಿ ಇದ್ದಾಗ ಅಗೆಯಲು ಬರುವುದಿಲ್ಲ. ನೆಲ ಕಲ್ಲಾಗಿ ನಿಂತ ಬೇಸಿಗೆಯಲ್ಲೇ ಅಗೆಯಬೇಕು. ಕರಿಕೆ ಕಡಿಯುವವರು ಗುತ್ತಿಗೆಗೆ ಬರುತ್ತಿದ್ದರು. ಸಾಲಾಗಿ ನಿಂತು ಗುದ್ದಲಿಯಿಂದ ಬಂಡೆಯಂಥ ಹೆಂಟೆಗಳನ್ನು ಎಬ್ಬಿಸಿ, ತಲೆಕೆಳಗು ಹೊರಳಿಸಿ, ಬೇರನ್ನು ಬಿಸಿಲಿಗೆ ಒಡ್ಡುತ್ತಿದ್ದರು. ಅವರಲ್ಲೊಬ್ಬ ನಮ್ಮ ಮಸಾರಿಯ ಗೇಣಿದಾರನೂ ಆಗಿದ್ದ. ಊರ ವಾವೆಯಲ್ಲಿ ನಾವು ಅವನನ್ನು ಮಾವ ಎನ್ನುತ್ತಿದ್ದೆವು. ನಮ್ಮ ಮನೆಯಲ್ಲಿ ಅವನು ನೀರು ಕುಡಿಯುವ ತಂಬಿಗೆ ಬೇರೆ ಇತ್ತು, ಅದು ಹೊರಗಿನ ಗೂಡಿನಲ್ಲಿ ಇರುತ್ತಿತ್ತು. ಅವನ ಅಂಗೈಯನ್ನು ಒಮ್ಮೆ ಹತ್ತಿರದಿಂದ ನೋಡಿದ್ದೆ: ಬೆರಳ ಬುಡದ ಗಂಟುಗಳು ಹಳದಿಗಟ್ಟಿ, ನಡುವಿನ ಗೆರೆಗಳಲ್ಲಿ ಎರಿ ಮಣ್ಣು ತೊಳೆದರೂ ಹೋಗದಂತೆ ಕೂತಿತ್ತು. ಅಜ್ಜನ ಎರಿ ಎಂದು ನಾವು ಹೇಳಿಕೊಂಡದ್ದು ಅವನಂಥ ಹತ್ತಾರು ಜನರ ರಟ್ಟೆಯ ಎರಿ.

1974ರಲ್ಲಿ ಭೂ ಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಒಡೆಯ. ಎರಿಯಲ್ಲಿ ದುಡಿದವರೆಲ್ಲ ಕೂಲಿಯವರು, ಕಾಗದದಲ್ಲಾಗಲಿ ಮಾತಿನಲ್ಲಾಗಲಿ ಗೇಣಿದಾರರಲ್ಲ. ಹಾಗಾಗಿ ಕಾನೂನು ಎರಿಯನ್ನು ಮುಟ್ಟಲಿಲ್ಲ. ಮಸಾರಿಗೆ ಮಾತ್ರ ಮಾವ ಅರ್ಜಿ ಹಾಕಿದ. ಅಜ್ಜ ಎರಡು ದಿನ ಊಟ ಬಿಟ್ಟ. ಮೂರನೇ ದಿನ ಮನೆಗೆ ಬಂದ ನೆಂಟರೊಬ್ಬರು ‘ಹೋದರ ಹೋತು ಬಿಡ್ರಿ, ದಿಬ್ಬ ಅಲ್ಲ’ ಎಂದಾಗ ಅವನ ಮುಖ ಸಡಿಲಾಯಿತು. ಆ ಸಮಾಧಾನ ನನಗೆ ಆಗ ಸಹಜವಾಗಿ ಕಂಡಿತ್ತು. ಈಗ ನೆನೆದರೆ ನೋವಾಗುತ್ತದೆ. ತಲೆಮಾರು ದುಡಿದವನಿಗೆ ಸಿಕ್ಕದ್ದು ನಮಗೆ ಬೇಡವಾದ ನೆಲ.

ಅದೇ ಹೊತ್ತಿಗೆ ಕಾಲುವೆ ಬಂತು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ರೇಣುಕಾ ಸಾಗರದ ನೀರು ನಮ್ಮ ಸೀಮೆಗೆ ಹರಿಯಿತು. ನೀರು ಹೋದದ್ದು ತಗ್ಗಿನ ಎರಿಗೆ. ದಿಬ್ಬದ ಮಸಾರಿಗೆ ಏರಲಿಲ್ಲ. ಧಾರವಾಡದಲ್ಲಿ ರೂಪುಗೊಂಡು 1972ರಲ್ಲಿ ಹೊರಬಂದ ವರಲಕ್ಷ್ಮಿ ಹತ್ತಿ ಆ ನೀರಿನ ಜೊತೆಗೇ ಬಂತು. ನಾಲ್ಕಾರು ವರ್ಷ ಊರು ಹಣ ಕಂಡಿತು. ಹೊಸ ಬಂಡಿ, ಹೊಸ ಮಾಳಿಗೆ, ಮನೆಗೊಂದು ರೇಡಿಯೋ. ಆ ಸುಖವನ್ನು ಹೀಗಳೆಯಲಾರೆ. ಬರಗಾಲದಲ್ಲಿ ಎರಿಯೂ ಕೈಕೊಟ್ಟದ್ದನ್ನು, ಜೋಳ ಮುಗಿದು ಕಡ ತಂದದ್ದನ್ನು ಕಂಡವರಿಗೆ ಕಾಲುವೆಯ ನೀರು ದೇವರೇ.

ಆದರೆ ಎರಿಗೆ ಆ ನೀರು ಬೇಕಾಗಿರಲಿಲ್ಲ, ಬೇಕಿದ್ದರೂ ಅಷ್ಟು ಬೇಕಾಗಿರಲಿಲ್ಲ. ಉಬ್ಬಿ ಬಾಯಿ ಮುಚ್ಚಿದ ಮಣ್ಣಿನಲ್ಲಿ ನೀರು ಕೆಳಗೆ ಬಸಿಯುವುದೇ ನಿಧಾನ. ಕಾಲುವೆ ತಂದವರು ನೀರು ಒಳಗೆ ಬರುವ ದಾರಿ ಮಾಡಿದಷ್ಟು ಆಸ್ಥೆಯಿಂದ ಹೊರಗೆ ಹೋಗುವ ಬಸಿಗಾಲುವೆ ಮಾಡಲಿಲ್ಲ. ನೆಲದಡಿಯ ನೀರು ವರ್ಷವರ್ಷ ಮೇಲೇರಿತು. ಆಳದಲ್ಲಿ ಎಂದಿನಿಂದಲೋ ಸುಮ್ಮನೆ ಕೂತಿದ್ದ ಉಪ್ಪು ಆ ನೀರಿನಲ್ಲಿ ಕರಗಿ, ಬಿಸಿಲಿಗೆ ನೀರು ಆವಿಯಾದಂತೆ ಮೇಲ್ಮಣ್ಣಿನಲ್ಲಿ ಉಳಿಯಿತು. ಹಳ್ಳದ ದಂಡೆಯ ಮೂಲೆಯಲ್ಲಿ ಒಂದು ಚಳಿಗಾಲ ಬಿಳಿ ಬೂಜು ಕಂಡಿತು. ಮರುವರ್ಷ ಅಲ್ಲಿ ಬೀಜ ಮೊಳೆಯಲಿಲ್ಲ.

ಸವುಳು ಮಣ್ಣು ಊರಿಗೆ ಹೊಸದಲ್ಲ. ಮಾಳಿಗೆ ಸೋರದಂತೆ ಮೇಲೆ ಹಾಕಲು, ಕರ್ಲ ಎನ್ನುವ ಅದೇ ಮಣ್ಣನ್ನು ಬಂಡಿಗಟ್ಟಲೆ ಹೇರಿ ತರುತ್ತಿದ್ದರು. ಸೋಡಿಯಂ ತುಂಬಿದ ಮಣ್ಣು ನೆನೆದಾಗ ಕದಡಿ, ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ನೀರು ಇಳಿಯುವುದಿಲ್ಲ. ಮಾಳಿಗೆಗೆ ಅದು ಗುಣ. ಹೊಲಕ್ಕೆ ಅದೇ ಸಾವು. ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಆ ಮಣ್ಣು ತಮ್ಮ ಹೊಲದಲ್ಲೇ ಹುಟ್ಟುತ್ತದೆ ಎಂದು ಯಾರೂ ನೆನೆಸಿರಲಿಲ್ಲ.

ಹತ್ತಿಯ ಬೆಲೆ ಬಿತ್ತು. ನೀರಾವರಿಯಿಂದ ಹೊಲದ ಬೆಲೆ ಏರಿದೆ ಎಂದು ಸರ್ಕಾರ ಅಭಿವೃದ್ಧಿ ಕರ ಕೇಳಿತು. ನೀರು ಮುಟ್ಟದ ಹೊಲಕ್ಕೂ ಕರವೇ ಎಂದು ರೈತರು ಬೀದಿಗೆ ಬಂದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು, ರೈತರು ಸತ್ತರು. ಆ ದಿನವನ್ನು ಇಂದಿಗೂ ಹುತಾತ್ಮ ದಿನವೆಂದು ಆಚರಿಸುತ್ತಾರೆ. ಆ ಚಳವಳಿಯ ಬಗ್ಗೆ ಬರೆದವರು ಬೆಲೆಯ ಬಗ್ಗೆ, ಕರದ ಬಗ್ಗೆ, ಅಧಿಕಾರಿಗಳ ದರ್ಪದ ಬಗ್ಗೆ ಬರೆದಿದ್ದಾರೆ. ಎಲ್ಲವೂ ನಿಜ. ಅದರ ಅಡಿಯಲ್ಲಿ ಮಣ್ಣಿನ ಸಂಕಟವೂ ಇತ್ತು ಎಂಬುದನ್ನು ನಾನು ಸೇರಿಸಬಯಸುತ್ತೇನೆ.

ಅದಾದ ಕೆಲವು ವರ್ಷಗಳಿಗೆ ನಾನು ಮಣ್ಣು ಸಮೀಕ್ಷೆಯ ತಂಡವೊಂದರಲ್ಲಿ ಸಹಾಯಕನಾಗಿ ಸೇರಿದೆ. ನಮ್ಮ ಗುಂಡಿ ತೋಡುವವ ವಿಜಯಪುರದ ಕಡೆಯ ಹಿರಿಯ, ಅಕ್ಷರ ಬಾರದವ. ಆಳೆತ್ತರದ ಗುಂಡಿ ತೆಗೆದು, ಬಿಸಿಲು ಬೀಳುವ ಗೋಡೆಯನ್ನು ಚಾಕುವಿನಿಂದ ಕೆತ್ತಿ ನಿಲ್ಲಿಸುತ್ತಿದ್ದ. ನಾನು ಕೆಳಗಿಳಿದು ಬರೆದುಕೊಳ್ಳಬೇಕು. ಎರಿಯ ಗೋಡೆಯಲ್ಲಿ ಮೇಲೆ ಕಾಳುಕಾಳಾಗಿ ಉದುರುವ ಮಣ್ಣು. ಅದರ ಕೆಳಗೆ ಗಟ್ಟಿ ಹೆಂಟೆಗಳು. ಇನ್ನೂ ಕೆಳಗೆ, ಉಬ್ಬಿದ ಮಣ್ಣು ಮಣ್ಣನ್ನೇ ಉಜ್ಜಿಕೊಂಡ ಓರೆ ಮುಖಗಳು, ಎಣ್ಣೆ ಸವರಿದಂತೆ ಮಿರುಗುತ್ತಿದ್ದವು. ಅಲ್ಲಲ್ಲಿ ಸುಣ್ಣದ ಹರಳು. ಅದರ ಮೇಲೆ ಒಂದು ತೊಟ್ಟು ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ನೊರೆ ಎದ್ದು ಸಿರ್ ಎನ್ನುತ್ತಿತ್ತು. ಎಲ್ಲಕ್ಕೂ ಕೆಳಗೆ ಹಳದಿ ಗರಸು. ಬಣ್ಣ ಹೇಳಲು ನನ್ನ ಕೈಯಲ್ಲಿ ಮುನ್ಸೆಲ್ ಪುಸ್ತಕ ಇತ್ತು, ಬಣ್ಣದ ಚೌಕಗಳ ಪಕ್ಕ ಮಣ್ಣು ಹಿಡಿದು 10 ವೈಆರ್ 3/1 ಎಂದು ಬರೆಯುತ್ತಿದ್ದೆ. ಅವನು ಒಂದು ಚೂರು ಮುರಿದು ನಾಲಗೆಯ ಮೇಲಿಟ್ಟು, ಉಗುಳಿ, ‘ಈ ಥರದಾಗ ಉಪ್ಪು ಐತ್ರಿ ಸಾಹೇಬ್ರ, ಮ್ಯಾಲಿಂದ್ರಾಗ ಇನ್ನೂ ಬಂದಿಲ್ಲ’ ಎನ್ನುತ್ತಿದ್ದ. ಪ್ರಯೋಗಾಲಯದ ಲವಣಾಂಶದ ಅಂಕಿ ಬಂದಾಗ ಅವನ ಮಾತು ಹುಸಿಯಾದದ್ದು ನನಗೆ ನೆನಪಿಲ್ಲ. ವರದಿಯಲ್ಲಿ ಅವನ ಹೆಸರಿಗೆ ಜಾಗ ಇರಲಿಲ್ಲ. ಇರಬೇಕಿತ್ತು.

ಆ ಕೆಲಸ ನನ್ನನ್ನು ರಾಜ್ಯದ ಬೇರೆ ಕಡೆಗೂ ಒಯ್ದಿತು. ಕೋಲಾರದ ಕೆಂಪು ಮಣ್ಣು ಮೊದಲ ನೋಟಕ್ಕೆ ನಮ್ಮ ಮಸಾರಿಯ ದೊಡ್ಡಣ್ಣ. ಗ್ರಾನೈಟ್, ನೈಸ್ ಶಿಲೆ ಸವೆದು ಆದ ಮಣ್ಣು, ಕಬ್ಬಿಣದ ತುಕ್ಕೇ ಅದರ ಬಣ್ಣ. ಉಬ್ಬುವುದಿಲ್ಲ, ಬಿರಿಯುವುದಿಲ್ಲ, ಮಳೆ ನಿಂತ ಮರುದಿನವೇ ನೇಗಿಲು ಹೂಡಬಹುದು. ತೇವ ಮಾತ್ರ ಬೇಗ ಆರುತ್ತದೆ. ಅಲ್ಲಿನವರು ಬೇಸಿಗೆಯಲ್ಲಿ ಕೆರೆಯ ಗೋಡು ಎತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ಮಳೆ ಕೊಚ್ಚಿಕೊಂಡು ಹೋದದ್ದನ್ನೇ ಕೆರೆಯಿಂದ ಮರಳಿ ತರುವ ಕೆಲಸ ಅದು. ಕೆಂಪು ಮಣ್ಣನ್ನು ಬಡ ಮಣ್ಣು ಎಂದು ತಿಳಿದಿದ್ದ ಸೀಮೆಯಿಂದ ಹೋದ ನನಗೆ ಆ ರಾಗಿ ಹೊಲಗಳನ್ನು ನೋಡಿ ನಿಲ್ಲುವಂತಾಗಿತ್ತು.

ಶಿರಸಿಯ ಕಡೆ ಮಣ್ಣು ಇನ್ನೊಂದು ಬಗೆ. ಮಳೆ ಅಲ್ಲಿ ಸುಣ್ಣ, ಪೊಟ್ಯಾಶ್ ಎಲ್ಲವನ್ನೂ ತೊಳೆದೊಯ್ದು ಹುಳಿ ಮಣ್ಣನ್ನು ಉಳಿಸುತ್ತದೆ. ಅಲ್ಲಿನ ಅಡಿಕೆ ತೋಟಗಳ ಸಾರ ಮಣ್ಣಿಗಿಂತ ಹೆಚ್ಚಾಗಿ ಸೊಪ್ಪಿನ ಬೆಟ್ಟದಿಂದ ಬರುತ್ತದೆ. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ದನದ ಕಾಲಡಿ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ನಮ್ಮ ಕುರಿಗಳ ಹಿಕ್ಕೆಯ ಲೆಕ್ಕ ನನಗೆ ಹೊಳೆದದ್ದು ಅಲ್ಲಿಯೇ. ಕುಮಟಾದ ಹತ್ತಿರ ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ನುಗ್ಗುವ ಮಣ್ಣಿನಲ್ಲೇ ಕಗ್ಗ ಭತ್ತ ಬೆಳೆಯುತ್ತಿದ್ದರು. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಅಲ್ಲೇ ಬಿಟ್ಟರೆ ಅದು ಕೊಳೆತು ಮೀನಿಗೆ, ಸಿಗಡಿಗೆ ಮೇವು. ಉಪ್ಪಿನ ಜೊತೆ ಬಾಳಲು ಅವರಿಗೆ ಹಲವು ತಲೆಮಾರು ಸಿಕ್ಕಿತ್ತು. ನಮ್ಮ ಎರಿಯವರಿಗೆ ಹತ್ತು ವರ್ಷವೂ ಸಿಗಲಿಲ್ಲ.

ಮುಂದೆ ಪ್ರಯೋಗಾಲಯಕ್ಕೆ ಬಂದೆ. ಸಾವಯವ ಇಂಗಾಲ ಅಳೆಯುವುದು ನನ್ನ ದಿನದ ಕೆಲಸ. ಜರಡಿ ಹಿಡಿದ ಮಣ್ಣಿಗೆ ಕಿತ್ತಳೆ ಬಣ್ಣದ ಡೈಕ್ರೋಮೇಟ್ ದ್ರಾವಣ, ಆಮೇಲೆ ಗಂಧಕಾಮ್ಲ. ಫ್ಲಾಸ್ಕು ಕೈ ಸುಡುವಷ್ಟು ಕಾಯುತ್ತದೆ. ಅರ್ಧ ತಾಸು ಬಿಟ್ಟು ನೀರು ಬೆರೆಸಿ, ಸೂಚಕ ಹಾಕಿ, ಬ್ಯುರೆಟ್‌ನಿಂದ ತೊಟ್ಟುತೊಟ್ಟು ಫೆರಸ್ ದ್ರಾವಣ ಬಿಡಬೇಕು. ಕಡು ನೀಲಿ ಇದ್ದದ್ದು ಒಂದೇ ತೊಟ್ಟಿಗೆ ಹಸಿರಾಗುತ್ತದೆ. ನೂರಕ್ಕೆ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು. ಮಲೆನಾಡಿನ ಕಂದು ಮಣ್ಣು ಸಲೀಸಾಗಿ ಹೆಚ್ಚಿನ ಸಾಲಿಗೆ ಹೋಗುತ್ತಿತ್ತು. ಕಪ್ಪಗೆ ಮಿಂಚುವ ಎರಿಯ ಮಾದರಿಗಳು ಒಂದರ ಹಿಂದೊಂದು ಕಡಿಮೆಯ ಸಾಲಿಗೆ ಬರುತ್ತಿದ್ದವು. ಕಪ್ಪು ಎಂದರೆ ಸಾರ ಎಂದು ನಮ್ಮ ಸೀಮೆಯ ಜನ ನಂಬಿದ್ದಾರೆ. ಆ ಮಣ್ಣಿನಲ್ಲಿರುವ ಸ್ವಲ್ಪವೇ ಸಾವಯವ ಅಂಶ ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿ ಅಷ್ಟು ಕಪ್ಪು ಕೊಡುತ್ತದೆ. ಎರಿಯ ನಿಜವಾದ ಸಂಪತ್ತು ಅದು ನೀರು ಹಿಡಿಯುವ ಶಕ್ತಿ. ಸಾರಜನಕಕ್ಕೆ ಅದು ಎಂದೂ ಹೊರಗಿನ ಕೈ ನೋಡುವ ಮಣ್ಣೇ. ರಂಜಕ ಇದ್ದರೂ ಸುಣ್ಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಶಿರಸಿಯ ಹುಳಿ ಮಣ್ಣಿನಲ್ಲಿ ಅದೇ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಡುತ್ತವೆ. ಬೆಳೆಯ ಪಾಲಿಗೆ ಎರಡೂ ಕಡೆ ಹಸಿವೇ.

ಅಣ್ಣನ ಮಗನಿಗೆ ಫೋನು ಮಾಡಿ ಗೊತ್ತಿದ್ದಷ್ಟು ಹೇಳಿದೆ. ಚೀಟಿಯಲ್ಲಿ ಸತು, ಕಬ್ಬಿಣ ಕಡಿಮೆ ಎಂದಿರುವುದು ರಸಸಾರ ಏರಿದ್ದರ ಫಲ. ಮೂಲ ಕಾಯಿಲೆ ಸೋಡಿಯಂ. ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಸೋಡಿಯಮ್ಮನ್ನು ಮಣ್ಣಿನ ಕಣದಿಂದ ಬಿಡಿಸುತ್ತದೆ. ಬಿಡಿಸಿದ್ದು ಹೊಲದಿಂದ ಆಚೆ ಹೋಗಲು ಬಸಿಗಾಲುವೆ ಬೇಕು. ಡಯಂಚಾ ಬಿತ್ತಿ ಹೂವಿಗೆ ಮುಂಚೆ ಮಣ್ಣಿಗೆ ಮಗುಚು, ಕಾಲುವೆ ನೀರು ಕಡಿಮೆ ಮಾಡು, ಕುರಿ ನಿಲ್ಲಿಸು. ಅವನು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ: ‘ಬಸಿಗಾಲುವಿ ಹಳ್ಳಕ್ಕ ಮುಟ್ಟಬೇಕಂದ್ರ ಮೂರು ಮಂದಿ ಹೊಲಾ ದಾಟಬೇಕಲ್ರಿ ಕಾಕಾ, ಅವ್ರು ಬಿಡಬೇಕಲ್ಲ?’ ಇದಕ್ಕೆ ಯಾವ ಪ್ರಯೋಗಾಲಯದಲ್ಲೂ ಉತ್ತರ ಇಲ್ಲ. ಒಬ್ಬನ ಹೊಲದ ಉಪ್ಪನ್ನು ಒಬ್ಬನೇ ಹೊರಹಾಕಲು ಆಗುವುದಿಲ್ಲ. ಚೀಟಿಯನ್ನು ರೈತನ ಹೆಸರಿಗೆ ಒಂದೊಂದಾಗಿ ಕೊಡುತ್ತಾರೆ. ಜವುಳು ಹಿಡಿದ ಸೀಮೆಯಲ್ಲಿ ಅದನ್ನು ಇಡೀ ಹಳ್ಳದ ದಂಡೆಗೆ ಒಟ್ಟಾಗಿ ಕೊಡಬೇಕು, ಖರ್ಚನ್ನೂ ಒಟ್ಟಾಗಿ ಹೊರಬೇಕು. ನೀರು ತಂದವರು ಬಸಿಗಾಲುವೆಯನ್ನೂ ತಂದುಕೊಡುವ ಋಣ ಇನ್ನೂ ತೀರಿಲ್ಲ ಎಂದೇ ನನ್ನ ಅಭಿಪ್ರಾಯ.

ದೀಪಾವಳಿಗೆ ಊರಿಗೆ ಹೋದಾಗ ದಿಬ್ಬದ ಮಸಾರಿಗೆ ಹೋಗಿ ಬಂದೆ. ಮಾವ ಇಲ್ಲ. ಅವನ ಮಗಳು ನೋಡಿಕೊಳ್ಳುತ್ತಾಳೆ. ನನಗಿಂತ ಚಿಕ್ಕವಳು, ನನ್ನನ್ನು ಅಣ್ಣಾರ ಎನ್ನುತ್ತಾಳೆ. ಇಳಿಜಾರಿಗೆ ಅಡ್ಡ ಒಡ್ಡು ಹಾಕಿಸಿದ್ದಾಳೆ, ಒಡ್ಡಿನ ಮೇಲೆ ಗ್ಲಿರಿಸಿಡಿಯಾ. ಕೆಳಗಿನ ತುದಿಯಲ್ಲಿ ಕೃಷಿ ಹೊಂಡ. ಕೆರೆ ಹೂಳೆತ್ತಿದ ಬೇಸಿಗೆಯಲ್ಲಿ ಟ್ರ್ಯಾಕ್ಟರ್‌ಗೆ ಸಾಲ ಮಾಡಿ ಹೂಳು ಹೇರಿಸಿದ್ದಳಂತೆ. ಹೆಸರು ಬೆಳೆದ ನೆಲದಲ್ಲಿ ಈಗ ತೊಗರಿ, ಸಜ್ಜೆ ನಿಂತಿದ್ದವು. ಒಂದು ಹಿಡಿ ಮಣ್ಣು ಎತ್ತಿ ಹಸಿ ಮಾಡಿ ಬೆರಳ ನಡುವೆ ಒತ್ತಿ ಪಟ್ಟಿ ಎಳೆದು ನೋಡಿದೆ. ಹರಳಿನ ಜೊತೆಗೆ ಈಗ ಜೇಡಿಯೂ ಸಿಗುತ್ತದೆ, ಪಟ್ಟಿ ಒಂದು ಅಂಗುಲ ಉದ್ದ ಬಂದು ಮುರಿಯಿತು. ಮೊದಲು ಆ ಮಣ್ಣಿನಲ್ಲಿ ಪಟ್ಟಿಯೇ ಬರುತ್ತಿರಲಿಲ್ಲ. ಬಿದ್ದ ಎಲೆಯ ಕೆಳಗೆ ಎರೆಹುಳದ ಹಿಕ್ಕೆ ಇತ್ತು.

ಕಾಲುವೆ ಏರದ ದಿಬ್ಬ ಎಂಬುದೇ ಆ ಹೊಲವನ್ನು ಉಪ್ಪಿನಿಂದ ಉಳಿಸಿದೆ. ಉಳಿದದ್ದನ್ನೆಲ್ಲ ಅವರಪ್ಪ ಮತ್ತು ಅವಳು ಮಾಡಿದ್ದಾರೆ.

ಹೊರಡುವಾಗ ಅವಳು ವ್ಯವಹಾರದ ಮಾತು ತೆಗೆದಳು. ನಮ್ಮ ಎರಿಯನ್ನು ಲಾವಣಿಗೆ ಕೊಡುವುದಾದರೆ ಮೇಲಿನ ಅರ್ಧವನ್ನು ತಾನು ಮಾಡುತ್ತಾಳೆ, ಕಾಲುವೆ ನೀರು ಹಾಯಿಸುವುದಿಲ್ಲ, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ ಮಾತ್ರ. ಐದು ವರ್ಷಕ್ಕೆ ಕರಾರು ಬರೆದುಕೊಟ್ಟರೆ ಗೊಬ್ಬರ ತನ್ನದು. ವರ್ಷ, ಎರಡು ವರ್ಷಕ್ಕಾದರೆ ಗೊಬ್ಬರ ಹಾಕುವುದಿಲ್ಲ, ಯಾಕೆಂದರೆ ಹಾಕಿದ್ದರ ಫಲ ಬೇರೆಯವರಿಗೆ ಹೋಗುತ್ತದೆ. ‘ಮತ್ತ ಆ ಹಳ್ಳದ ದಂಡಿ ಸವುಳು ತುಂಡು ನನಗ ಬ್ಯಾಡ ಅಣ್ಣಾರ’ ಎಂದಳು. ಅಣ್ಣನ ಮಗ ಮೂರು ವರ್ಷ ಅನ್ನುತ್ತಿದ್ದಾನೆ. ಐದಕ್ಕೆ ಒಪ್ಪು ಎಂದು ಅವನಿಗೆ ಹೇಳಿದ್ದೇನೆ.